ಚೀಟಿಯಿಂದ ಕೊನೆಯ ಮಾತ್ರೆಯವರೆಗೆ: ಆಂಟಿಬಯೋಟಿಕ್ ಸೇವನೆಯ ಕ್ರಮ

1. ಔಷಧಿಯ ಕೆಲಸ

ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವು ಬೆಳೆಯದಂತೆ ತಡೆಯುವ ಔಷಧಿಗಳೇ ಆಂಟಿಬಯೋಟಿಕ್‌ಗಳು. ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಿಕ್ಸಿಮ್‌ನಂಥವು ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟಿಕೊಳ್ಳದಂತೆ ಮಾಡುತ್ತವೆ. ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್‌ಗಳು ಅದು ಪ್ರೋಟೀನ್ ತಯಾರಿಸುವ ವ್ಯವಸ್ಥೆಯನ್ನು ಹಿಡಿದು ನಿಲ್ಲಿಸುತ್ತವೆ. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್‌ಗಳು ಅದರ ಡಿಎನ್‌ಎ ನಕಲಾಗುವ ಹಂತದಲ್ಲಿ ಅಡ್ಡಿಯಾಗುತ್ತವೆ. ಮನುಷ್ಯನ ಜೀವಕೋಶಕ್ಕೆ ಅಂಥ ಗೋಡೆ ಇಲ್ಲ. ಪ್ರೋಟೀನ್ ತಯಾರಿಸುವ ಅದರ ಯಂತ್ರದ ರಚನೆಯೂ ಬೇರೆ. ಈ ವ್ಯತ್ಯಾಸ ಇರುವುದರಿಂದಲೇ ರೋಗಿಗೆ ಹೆಚ್ಚು ಪೆಟ್ಟು ಬೀಳದೆ ರೋಗಾಣು ಸಾಯುತ್ತದೆ.

ವೈರಸ್‌ನಲ್ಲಿ ಈ ಮೂರು ಗುರಿಗಳಲ್ಲಿ ಒಂದೂ ಇಲ್ಲ. ನೆಗಡಿ, ಫ್ಲೂ, ಡೆಂಗಿ, ಕೋವಿಡ್, ಗಂಟಲು ಕೆರೆತದ ಬಹುಪಾಲು ಪ್ರಕರಣಗಳು ವೈರಸ್‌ನಿಂದ ಬರುವಂಥವು; ಅವುಗಳಿಗೆ ಆಂಟಿಬಯೋಟಿಕ್ ನುಂಗಿದರೆ ರೋಗದ ಒಂದು ದಿನವೂ ಕಡಿಮೆಯಾಗುವುದಿಲ್ಲ. ಮಳೆಗಾಲ ಶುರುವಾದೊಡನೆ ಬೆಂಗಳೂರಿನ ಬಡಾವಣೆಗಳಲ್ಲಿ ಮನೆಮನೆಗೂ ಬರುವ ಜ್ವರ ಹೆಚ್ಚಾಗಿ ಈ ಬಗೆಯದು. ಮೂರನೆಯ ದಿನ ಮಾತ್ರೆ ಶುರು ಮಾಡಿ ಐದನೆಯ ದಿನ ಜ್ವರ ಇಳಿದರೆ ಕೀರ್ತಿ ಮಾತ್ರೆಗೆ ಸಲ್ಲುತ್ತದೆ. ಮಾತ್ರೆ ಇಲ್ಲದಿದ್ದರೂ ಅದು ಐದನೆಯ ದಿನವೇ ಇಳಿಯುತ್ತಿತ್ತು. ಮುಂದಿನ ಸಲ ಜ್ವರ ಬಂದಾಗ ಅದೇ ಮಾತ್ರೆಯನ್ನು ಕೇಳಿ ತರುವ ಅಭ್ಯಾಸ ಹುಟ್ಟುವುದು ಈ ತಪ್ಪು ಲೆಕ್ಕದಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಸಣ್ಣ ಜ್ವರಕ್ಕೆ ಮತ್ತು ವೈರಸ್‌ನಿಂದ ಬಂದ ಬ್ರಾಂಕೈಟಿಸ್‌ಗೆ ಆಂಟಿಬಯೋಟಿಕ್ ಕೊಡಬಾರದೆಂದು ವೈದ್ಯರಿಗೆ ಸೂಚಿಸಿದೆ.

ಆದ್ದರಿಂದ ಸುರಕ್ಷಿತ ಸೇವನೆಯ ಮೊದಲ ಹೆಜ್ಜೆ, ಔಷಧಿ ಬೇಕೇ ಎಂಬುದು ತೀರ್ಮಾನವಾಗುವುದು. ಕೆಲವು ರೋಗಗಳಲ್ಲಿ ವೈದ್ಯರು ರೋಗಿಯನ್ನು ನೋಡಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಇದನ್ನು ನಿರ್ಧರಿಸಬಲ್ಲರು. ಉಳಿದವಕ್ಕೆ ಪರೀಕ್ಷೆ ಬೇಕು: ಮೂತ್ರದ ಕಲ್ಚರ್, ಟೈಫಾಯ್ಡ್ ಶಂಕೆ ಇದ್ದರೆ ರಕ್ತದ ಕಲ್ಚರ್, ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ. ಕಲ್ಚರ್‌ಗೆ ಮಾದರಿ ಕೊಡುವುದು ಮಾತ್ರೆ ಶುರುವಾಗುವ ಮುಂಚೆಯೇ ಆಗಬೇಕು. ಎರಡು ಡೋಸ್ ಒಳಗೆ ಹೋದ ಮೇಲೆ ಕೊಟ್ಟ ಮಾದರಿಯಲ್ಲಿ ರೋಗಾಣು ಬೆಳೆಯದೇ ಹೋಗಬಹುದು; ಆಗ ವರದಿಯಲ್ಲಿ ಏನೂ ಇಲ್ಲ ಎಂದು ಬಂದರೂ ರೋಗ ಇದ್ದೇ ಇರುತ್ತದೆ.

2. ವೈದ್ಯರಿಗೆ ತಿಳಿಸಬೇಕಾದ ಸಂಗತಿಗಳು

ಚೀಟಿ ಬರೆಯುವ ಮುನ್ನ ವೈದ್ಯರಿಗೆ ಐದು ಸಂಗತಿಗಳು ಗೊತ್ತಿರಬೇಕು. ಅವರು ಕೇಳದಿದ್ದರೂ ರೋಗಿಯೇ ಹೇಳುವುದು ಒಳ್ಳೆಯದು.

ಮೊದಲನೆಯದು ಅಲರ್ಜಿ. ಹಿಂದೆ ಯಾವ ಔಷಧಿಗೆ ಏನಾಗಿತ್ತು ಎಂಬುದನ್ನು ವಿವರವಾಗಿ ಹೇಳಬೇಕು. ಪೆನಿಸಿಲಿನ್ ತೆಗೆದುಕೊಂಡ ಸ್ವಲ್ಪ ಹೊತ್ತಿಗೆ ಮೈಮೇಲೆ ದದ್ದು ಎದ್ದು ಉಸಿರು ಕಟ್ಟಿದ್ದರೆ ಅದು ನಿಜವಾದ ಅಲರ್ಜಿ. ಆ ಗುಂಪಿನ ಯಾವ ಔಷಧಿಯೂ ಮತ್ತೆ ಸಲ್ಲದು. ಹೊಟ್ಟೆ ತೊಳಸಿದ್ದು, ಎರಡು ಸಲ ಭೇದಿಯಾದದ್ದು ಅಲರ್ಜಿಯಲ್ಲ. ಪೆನಿಸಿಲಿನ್ ಆಗದು ಎಂದು ಹೇಳಿಕೊಳ್ಳುವವರನ್ನು ಅಮೆರಿಕದಲ್ಲಿ ಸರಿಯಾಗಿ ಪರೀಕ್ಷಿಸಿ ನೋಡಿದಾಗ 10ರಲ್ಲಿ ಸುಮಾರು 9 ಮಂದಿಗೆ ಅಲರ್ಜಿ ಇರಲಿಲ್ಲ. ಸುಮ್ಮನೆ ಅಂಟಿಕೊಂಡ ಅಲರ್ಜಿಯ ಹಣೆಪಟ್ಟಿಯಿಂದ ಒಳ್ಳೆಯ, ಅಗ್ಗದ ಔಷಧಿ ಕೈತಪ್ಪಿ ದುಬಾರಿಯದು ಬರುತ್ತದೆ.

ಎರಡನೆಯದು ಗರ್ಭ ಮತ್ತು ಎದೆಹಾಲು. ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಗುಂಪನ್ನೂ ಸಿಪ್ರೊಫ್ಲಾಕ್ಸಾಸಿನ್ ಗುಂಪನ್ನೂ ಸಾಮಾನ್ಯವಾಗಿ ಕೊಡುವುದಿಲ್ಲ. ಪೆನಿಸಿಲಿನ್ ಗುಂಪಿನವು ಬಹುಕಾಲದಿಂದ ಬಳಕೆಯಲ್ಲಿವೆ. ಮೂರನೆಯದು ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿ. ಅನೇಕ ಆಂಟಿಬಯೋಟಿಕ್‌ಗಳು ಮೂತ್ರದ ಮೂಲಕ ಹೊರಹೋಗುವುದರಿಂದ ಕಿಡ್ನಿ ಸೊರಗಿದವರಿಗೆ ಪ್ರಮಾಣ ಇಳಿಸಬೇಕಾಗುತ್ತದೆ. ನಾಲ್ಕನೆಯದು ದಿನನಿತ್ಯ ನುಂಗುವ ಇತರ ಮಾತ್ರೆಗಳು. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಸೇವಿಸುವವರಿಗೆ ಮೆಟ್ರೊನಿಡಜೋಲ್ ಅಥವಾ ಸಿಪ್ರೊಫ್ಲಾಕ್ಸಾಸಿನ್ ಸೇರಿದರೆ ರಕ್ತಸ್ರಾವದ ಭಯವಿದೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ನುಂಗುವವರಿಗೆ ಲಿವೊಫ್ಲಾಕ್ಸಾಸಿನ್ ಸೇರಿದರೆ ಸಕ್ಕರೆ ದಿಢೀರನೆ ಕುಸಿಯಬಹುದು. ಬೆನ್ನುನೋವಿಗೆ ಬರೆಯುವ ಟಿಜಾನಿಡಿನ್ ಮತ್ತು ಸಿಪ್ರೊಫ್ಲಾಕ್ಸಾಸಿನ್ ಜೊತೆಯಾಗಲೇಬಾರದು. ರಕ್ತದೊತ್ತಡ ತೀರ ಇಳಿದುಹೋಗುತ್ತದೆ. ಹೃದಯದ ಮಿಡಿತ ಏರುಪೇರಾಗುವ ತೊಂದರೆ ಇರುವವರು ಅಜಿತ್ರೊಮೈಸಿನ್‌ಗೆ ಮುನ್ನ ಅದನ್ನು ತಿಳಿಸಬೇಕು.

ಐದನೆಯದನ್ನು ಹೇಳುವವರು ಕಡಿಮೆ: ಕಳೆದ ಎರಡು ಮೂರು ತಿಂಗಳಲ್ಲಿ ತೆಗೆದುಕೊಂಡ ಆಂಟಿಬಯೋಟಿಕ್. ಈಚೆಗೆ ಬಳಸಿದ ಔಷಧಿಗೆ ಮೈಯಲ್ಲಿರುವ ಬ್ಯಾಕ್ಟೀರಿಯಾಗಳು ಒಗ್ಗಿಕೊಂಡಿರುವ ಸಂಭವ ಹೆಚ್ಚು. ಹಳೆಯ ಚೀಟಿಗಳನ್ನು ಒಂದು ಫೈಲಿನಲ್ಲಿಟ್ಟು ಒಯ್ದರೆ ಈ ಪ್ರಶ್ನೆಗೆ ನೆನಪನ್ನು ನೆಚ್ಚಬೇಕಿಲ್ಲ.

3. ಚೀಟಿಯನ್ನು ಓದುವ ಬಗೆ

ಆಂಟಿಬಯೋಟಿಕ್ ಚೀಟಿಯಲ್ಲಿ ನಾಲ್ಕು ಅಂಶಗಳಿರುತ್ತವೆ: ಔಷಧಿಯ ಹೆಸರು, ಅದರ ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ. ನಾಲ್ಕೂ ಸೇರಿ ಒಂದೇ ಲೆಕ್ಕ. ಒಂದನ್ನು ಬದಲಿಸಿದರೆ ಉಳಿದ ಮೂರಕ್ಕೂ ಅರ್ಥ ಉಳಿಯುವುದಿಲ್ಲ.

1-0-1 ಎಂದು ಬರೆದಿದ್ದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. 1-1-1 ಎಂದರೆ ದಿನಕ್ಕೆ ಮೂರು. ಇವನ್ನೇ ಕೆಲವರು ಕ್ರಮವಾಗಿ ಬಿಡಿ, ಟಿಡಿಎಸ್ ಎಂದು ಬರೆಯುತ್ತಾರೆ. ಆಂಟಿಬಯೋಟಿಕ್ ವಿಷಯದಲ್ಲಿ ಎರಡು ಸಲ ಎಂದರೆ ಸುಮಾರು 12 ಗಂಟೆಗೊಮ್ಮೆ, ಮೂರು ಸಲ ಎಂದರೆ ಸುಮಾರು 8 ಗಂಟೆಗೊಮ್ಮೆ. ತಿಂಡಿ, ಊಟ, ಊಟ ಎಂದು ಲೆಕ್ಕ ಹಿಡಿದು ಬೆಳಿಗ್ಗೆ 10, ಮಧ್ಯಾಹ್ನ 2, ರಾತ್ರಿ 9ಕ್ಕೆ ನುಂಗಿದರೆ ರಾತ್ರಿಯಿಂದ ಮರುದಿನದವರೆಗೆ 13 ಗಂಟೆ ಖಾಲಿ ಬಿಟ್ಟಂತೆ. ಅಮಾಕ್ಸಿಸಿಲಿನ್ ಸುಮಾರು ಒಂದು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುವ ಔಷಧಿ. ರೋಗಾಣುವನ್ನು ಹತ್ತಿಕ್ಕುವ ಮಟ್ಟಕ್ಕಿಂತ ಮೇಲೆ ಅದು ಎಷ್ಟು ಹೊತ್ತು ಇರುತ್ತದೆ ಎಂಬುದರ ಮೇಲೆ ಗುಣ ನಿಂತಿದೆ. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂಬ ವೇಳೆ ಅದಕ್ಕೆ ಹೊಂದುತ್ತದೆ. ಅಜಿತ್ರೊಮೈಸಿನ್ ಇದಕ್ಕೆ ತದ್ವಿರುದ್ಧ. ಅದು ಅರ್ಧಕ್ಕಿಳಿಯಲು ಸುಮಾರು 68 ಗಂಟೆ ಬೇಕು. ದಿನಕ್ಕೊಂದರಂತೆ ಮೂರೇ ಮಾತ್ರೆ ಬರೆದುಕೊಟ್ಟಾಗ ವೈದ್ಯರು ಕಡಿಮೆ ಕೊಟ್ಟರೆಂದು ಭಾವಿಸಬೇಕಿಲ್ಲ. ಕೊನೆಯ ಮಾತ್ರೆ ನುಂಗಿದ ಮೇಲೂ ಹಲವು ದಿನ ಅದು ಅಂಗಾಂಶಗಳಲ್ಲಿ ಉಳಿದು ಕೆಲಸ ಮಾಡುತ್ತದೆ.

ಒಂದೇ ಚೀಟಿಯಲ್ಲಿ ಪ್ಯಾರಾಸಿಟಮಾಲ್ ಎದುರು ಎಸ್‌ಒಎಸ್ ಎಂದಿರಬಹುದು. ಜ್ವರ ಬಂದರೆ ಮಾತ್ರ ಎಂದು ಅದರ ಅರ್ಥ. ಜ್ವರ ನಿಂತ ಮೇಲೆ ಅದನ್ನು ನಿಲ್ಲಿಸುವ ಜೊತೆಗೆ ಆಂಟಿಬಯೋಟಿಕನ್ನೂ ನಿಲ್ಲಿಸುವುದು ಮನೆಗಳಲ್ಲಿ ಸಾಮಾನ್ಯವಾಗಿ ಆಗುವ ಪ್ರಮಾದ.

ಮಿಲಿಗ್ರಾಂ ಲೆಕ್ಕದಲ್ಲೂ ಎಚ್ಚರ ಬೇಕು. ಮೆಡಿಕಲ್ ಸ್ಟೋರ್‌ಗಳಲ್ಲಿ ‘625’ ಎಂದೇ ಹೆಸರಾದ ಮಾತ್ರೆಯಲ್ಲಿ 500 ಮಿಲಿಗ್ರಾಂ ಅಮಾಕ್ಸಿಸಿಲಿನ್ ಮತ್ತು 125 ಮಿಲಿಗ್ರಾಂ ಕ್ಲಾವುಲಾನಿಕ್ ಆಮ್ಲ ಇರುತ್ತದೆ. ‘375’ರಲ್ಲಿ 250 ಮತ್ತು 125. 625 ಸಿಗಲಿಲ್ಲವೆಂದು ಎರಡು 375 ನುಂಗಿದರೆ ಅಮಾಕ್ಸಿಸಿಲಿನ್ ಸರಿಹೋಗುತ್ತದೆ, ಕ್ಲಾವುಲಾನಿಕ್ ಆಮ್ಲ ಇಮ್ಮಡಿಯಾಗುತ್ತದೆ, ಭೇದಿ ಹಿಡಿಯುತ್ತದೆ.

4. ಔಷಧಿ ಅಂಗಡಿಯಲ್ಲಿ

ಬೆಂಗಳೂರಿನ ಸಂಜಯನಗರದ ಮುಖ್ಯರಸ್ತೆಯಲ್ಲಾಗಲಿ, ಆಚೆ ಭೂಪಸಂದ್ರ, ಗೆದ್ದಲಹಳ್ಳಿಯಲ್ಲಾಗಲಿ ಮೆಡಿಕಲ್ ಸ್ಟೋರ್ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಔಷಧಿ ಕೈಗೆ ಸುಲಭವಾಗಿ ಸಿಗುವ ಇಂಥ ಕಡೆಯೇ ಕಾನೂನಿನ ಕಟ್ಟು ಮುಖ್ಯವಾಗುತ್ತದೆ. 1945ರ ಔಷಧಿ ನಿಯಮಾವಳಿಯ ಎಚ್ ಪಟ್ಟಿಯಲ್ಲಿರುವ ಔಷಧಿಯನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿ ಇಲ್ಲದ ಮಾರಾಟ ನಿಲ್ಲದ್ದರಿಂದ 2013ರಲ್ಲಿ ಎಚ್1 ಎಂಬ ಹೊಸ ಪಟ್ಟಿಯನ್ನು ಸೇರಿಸಲಾಯಿತು. 2014ರ ಮಾರ್ಚ್ 1ರಿಂದ ಅದು ಜಾರಿಗೆ ಬಂತು. ಆರಂಭದಲ್ಲಿ ಅದರಲ್ಲಿದ್ದ 46 ಔಷಧಿಗಳಲ್ಲಿ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಲಿವೊಫ್ಲಾಕ್ಸಾಸಿನ್, ಮೆರೊಪೆನೆಮ್ ಮತ್ತು ಕ್ಷಯದ ಔಷಧಿಗಳೂ ಸೇರಿವೆ. ಇವನ್ನು ಮಾರುವಾಗ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ ಇವೆಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಅಂಗಡಿಯವರು ಚೀಟಿ ಕೇಳಿದರೆ, ಹೆಸರು ಬರೆದುಕೊಂಡರೆ ಅದು ಕಿರಿಕಿರಿ ಎಂದು ತಿಳಿಯಬಾರದು.

ಗ್ರಾಹಕರು ಗುರುತು ಹಿಡಿಯಲೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಕೆಂಪು ಗೆರೆಯ ಪ್ರಚಾರ ಆರಂಭಿಸಿತು. ಮಾತ್ರೆಯ ಸ್ಟ್ರಿಪ್‌ನ ಹಿಂಬದಿಯಲ್ಲಿ ಉದ್ದಕ್ಕೂ ಕೆಂಪು ಗೆರೆ ಇದ್ದರೆ ಅದು ಚೀಟಿಗೆ ಮಾತ್ರ ಸಿಗಬೇಕಾದ ಔಷಧಿ.

ಹತ್ತರ ಸ್ಟ್ರಿಪ್‌ನಿಂದ ಆರನ್ನು ಕತ್ತರಿಸಿ ಕೊಡುವಾಗ ಬ್ಯಾಚ್ ನಂಬರು ಮತ್ತು ಅವಧಿ ಮುಗಿಯುವ ದಿನಾಂಕ ಇರುವ ತುದಿ ಅಂಗಡಿಯಲ್ಲೇ ಉಳಿದುಬಿಡಬಹುದು. ಅದನ್ನು ತೋರಿಸಲು ಕೇಳಬೇಕು, ಬಿಲ್ ಪಡೆಯಬೇಕು. ಬಿಲ್ಲಿನಲ್ಲಿ ಎರಡೂ ನಮೂದಾಗಿರುತ್ತವೆ. ಚೀಟಿಯಲ್ಲಿ ಬರೆದ ಬ್ರ್ಯಾಂಡ್ ಇಲ್ಲದೆ ಬೇರೆ ಕೊಟ್ಟರೆ ಸ್ಟ್ರಿಪ್ ಮೇಲಿನ ಔಷಧಿಯ ಹೆಸರು ಮತ್ತು ಮಿಲಿಗ್ರಾಂ ಚೀಟಿಗೆ ತಾಳೆಯಾಗಬೇಕು. ಜನೌಷಧಿ ಕೇಂದ್ರಗಳಲ್ಲಿ ಬ್ರ್ಯಾಂಡ್ ಹೆಸರಿಲ್ಲದೆ ಅದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆ. ದುಡ್ಡಿನ ಅಡಚಣೆಯಿಂದ ಐದು ದಿನದ ಬದಲು ಎರಡು ದಿನದ್ದನ್ನು ಮಾತ್ರ ಕೊಳ್ಳುವವರು ಅದನ್ನು ವೈದ್ಯರ ಮುಂದೆಯೇ ಹೇಳಿದರೆ ಅಗ್ಗದ ಬದಲಿ ಹುಡುಕಲು ಅವಕಾಶವಿರುತ್ತದೆ.

5. ಮನೆಯಲ್ಲಿ: ನೀರು, ಊಟ, ವೇಳೆ

ಕೆಲವು ಮಾತ್ರೆಗಳಿಗೆ ಊಟದ ಜೊತೆ ಅನುಕೂಲ, ಕೆಲವಕ್ಕೆ ಅಡ್ಡಿ. ಅಮಾಕ್ಸಿಸಿಲಿನ್-ಕ್ಲಾವುಲಾನಿಕ್ ಮಾತ್ರೆಯನ್ನು ಊಟದ ಮೊದಲ ತುತ್ತುಗಳೊಂದಿಗೆ ತೆಗೆದುಕೊಂಡರೆ ಹೊಟ್ಟೆಗೆ ಹಿತ. ಮೂತ್ರದ ಸೋಂಕಿಗೆ ಕೊಡುವ ನೈಟ್ರೊಫ್ಯುರಾಂಟೊಯಿನ್ ಊಟದೊಂದಿಗೆ ಮೈಗೆ ಹೆಚ್ಚು ಹತ್ತುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್‌ಗೆ ಖಾಲಿ ಹೊಟ್ಟೆ ಒಳ್ಳೆಯದು.

ಹಾಲಿನ ವಿಚಾರಕ್ಕೆ ಪ್ರತ್ಯೇಕ ಗಮನ ಬೇಕು. ಸಿಪ್ರೊಫ್ಲಾಕ್ಸಾಸಿನ್ ಮತ್ತು ಡಾಕ್ಸಿಸೈಕ್ಲಿನ್ ಗುಂಪಿನ ಔಷಧಿಗಳು ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಷಿಯಂ, ಅಲ್ಯುಮಿನಿಯಂಗಳಿಗೆ ಹೊಟ್ಟೆಯಲ್ಲೇ ಅಂಟಿಕೊಂಡು ರಕ್ತಕ್ಕೆ ಸೇರದೆ ಹೊರಹೋಗುತ್ತವೆ. ಬೆಳಗಿನ ಮಾತ್ರೆಯನ್ನು ಒಂದು ಲೋಟ ಹಾಲಿನಲ್ಲಿ, ಹಾಲು ಬೆರೆಸಿದ ರಾಗಿ ಮಾಲ್ಟ್‌ನಲ್ಲಿ ಅಥವಾ ಮೊಸರಿನೊಂದಿಗೆ ನುಂಗಿದರೆ ಮೈಗೆ ಹತ್ತುವ ಔಷಧಿ ಕಡಿಮೆಯಾಗುತ್ತದೆ. ಕ್ಯಾಲ್ಸಿಯಂ ಮಾತ್ರೆ, ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ, ಎದೆಯುರಿಗೆ ಕುಡಿಯುವ ಆಂಟಾಸಿಡ್ ದ್ರಾವಣಗಳಿಂದಲೂ ಹೀಗೇ ಆಗುತ್ತದೆ. ಸಿಪ್ರೊಫ್ಲಾಕ್ಸಾಸಿನನ್ನು ಇಂಥವುಗಳಿಗೆ 2 ಗಂಟೆ ಮುಂಚೆ ಅಥವಾ 6 ಗಂಟೆ ನಂತರ ನೀರಿನಲ್ಲಿ ನುಂಗಬೇಕು.

ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ತುಂಬು ಲೋಟ ನೀರು ಕುಡಿದು ಅರ್ಧ ಗಂಟೆಯಾದರೂ ಮಲಗದೆ ಕೂತಿರಬೇಕು. ಅದನ್ನು ಸೇವಿಸುವ ದಿನಗಳಲ್ಲಿ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಮೆಟ್ರೊನಿಡಜೋಲ್ ಸೇವಿಸುವಾಗ ಬಾಯಿ ಲೋಹದ ರುಚಿ ಕೊಡುತ್ತದೆ. ಅದರ ಕೋರ್ಸ್ ಮುಗಿದು ಮೂರು ದಿನವಾಗುವವರೆಗೆ ಮದ್ಯ ಮುಟ್ಟಬಾರದೆಂಬ ಎಚ್ಚರಿಕೆಯನ್ನು ಔಷಧಿಯ ಜೊತೆಗಿನ ಹಾಳೆಯಲ್ಲೇ ಮುದ್ರಿಸಿರುತ್ತಾರೆ.

ಮಕ್ಕಳಿಗೆ ಕೊಡುವ ಡ್ರೈ ಸಿರಪ್ ಬಾಟಲಿಯಲ್ಲಿ ಪುಡಿ ಇರುತ್ತದೆ. ಅದನ್ನು ಮೊದಲು ಕುಲುಕಿ ಪುಡಿ ಸಡಿಲಿಸಬೇಕು. ಕುದಿಸಿ ಪೂರ್ತಿ ಆರಿಸಿದ ನೀರನ್ನು ಗುರುತಿಗಿಂತ ಸ್ವಲ್ಪ ಕೆಳಗಿನವರೆಗೆ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗುರುತಿನವರೆಗೆ ತುಂಬಿ ಮತ್ತೆ ಕುಲುಕಬೇಕು. ಒಮ್ಮೆಲೇ ಗುರುತಿಗೆ ತುಂಬಿ ಕುಲುಕಿದರೆ ದ್ರಾವಣ ಗುರುತಿನಿಂದ ಕೆಳಗಿಳಿದು, ನೀರು ಕಡಿಮೆಯಾಗಿ ಔಷಧಿ ಗಟ್ಟಿಯಾಗುತ್ತದೆ. ಪ್ರತಿ ಸಲ ಕೊಡುವ ಮುನ್ನವೂ ಕುಲುಕದಿದ್ದರೆ ಮೊದಲ ದಿನಗಳಲ್ಲಿ ತೆಳು ನೀರು, ಕೊನೆಯ ದಿನಗಳಲ್ಲಿ ದಪ್ಪ ಗಸಿ ಮಗುವಿಗೆ ಹೋಗುತ್ತದೆ. ಅಡುಗೆಮನೆಯ ಚಮಚಗಳ ಅಳತೆ ಒಂದೊಂದು ಮನೆಯಲ್ಲಿ ಒಂದೊಂದು. ಬಾಟಲಿಯ ಜೊತೆ ಬರುವ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್ ಸರಿಯಾದ ಅಳತೆ. ನೀರು ಬೆರೆಸಿದ ಅಮಾಕ್ಸಿಸಿಲಿನ್-ಕ್ಲಾವುಲಾನಿಕ್ ಸಿರಪ್ಪನ್ನು ಫ್ರಿಜ್ಜಿನಲ್ಲಿಟ್ಟು ಸಾಮಾನ್ಯವಾಗಿ 7 ದಿನಕ್ಕೆ ಬಿಸಾಡಬೇಕು. ಬೆರೆಸಿದ ದಿನಾಂಕವನ್ನು ಪೆನ್ನಿನಲ್ಲಿ ಲೇಬಲ್ ಮೇಲೆ ಬರೆದಿಡುವುದು ಉಪಯುಕ್ತ.

ಒಂದು ಡೋಸ್ ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಬೇಕು. ಮುಂದಿನ ಡೋಸ್‌ನ ಹೊತ್ತು ಹತ್ತಿರವಿದ್ದರೆ ಮರೆತದ್ದನ್ನು ಬಿಟ್ಟು ಮುಂದಿನದನ್ನು ವೇಳೆಗೆ ಸರಿಯಾಗಿ ನುಂಗಬೇಕು. ಎರಡನ್ನೂ ಸೇರಿಸಿ ಒಟ್ಟಿಗೆ ನುಂಗಬಾರದು.

6. ಅಡ್ಡಪರಿಣಾಮ: ತಡೆದುಕೊಳ್ಳುವಂಥದು, ಓಡಬೇಕಾದದ್ದು

ಕರುಳಿನಲ್ಲಿ ಸಹಜವಾಗಿ ವಾಸಿಸುವ ಬ್ಯಾಕ್ಟೀರಿಯಾಗಳಿಗೂ ಆಂಟಿಬಯೋಟಿಕ್‌ನ ಪೆಟ್ಟು ತಗಲುವುದರಿಂದ ಸಣ್ಣ ಭೇದಿ, ವಾಕರಿಕೆ, ಬಾಯಿಹುಣ್ಣು ಸಾಮಾನ್ಯ. ನೀರು, ಗಂಜಿ, ಓಆರ್‌ಎಸ್ ಸಾಕಾಗುವ ಈ ತೊಂದರೆಗೆ ಕೋರ್ಸ್ ಬಿಡಬೇಕಿಲ್ಲ. ದಿನಕ್ಕೆ ಹಲವು ಸಲ ನೀರಿನಂಥ ಭೇದಿ, ಮಲದಲ್ಲಿ ರಕ್ತ, ಹೊಟ್ಟೆ ಹಿಂಡುವ ನೋವು, ಜ್ವರ ಇದ್ದರೆ ಅದು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾದ ಕರುಳುರಿ ಆಗಿರಬಹುದು. ಕೋರ್ಸ್ ಮುಗಿದು ಕೆಲವು ವಾರಗಳಾದ ಮೇಲೂ ಇದು ಕಾಣಿಸಿಕೊಳ್ಳುವುದುಂಟು. ಭೇದಿ ನಿಲ್ಲಿಸುವ ಮಾತ್ರೆಯನ್ನು ತಾವೇ ನುಂಗದೆ ವೈದ್ಯರಿಗೆ ತೋರಿಸಬೇಕು.

ತುಟಿ, ನಾಲಿಗೆ, ಮುಖ ಊದಿಕೊಳ್ಳುವುದು, ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು ಮಾತ್ರೆಯ ನಂತರ ನಿಮಿಷಗಳಲ್ಲಿ ಕಾಣಿಸಿದರೆ ಅದು ತುರ್ತು ಸ್ಥಿತಿ. 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆ ಸೇರಬೇಕು. ಚರ್ಮದಲ್ಲಿ ಗುಳ್ಳೆ ಎದ್ದು ಸುಲಿಯುವುದು, ಕಣ್ಣು ಹಳದಿಯಾಗುವುದು, ಲಿವೊಫ್ಲಾಕ್ಸಾಸಿನ್ ಗುಂಪಿನ ಔಷಧಿ ನುಂಗುವಾಗ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋಯುವುದು, ಎದೆ ಬಡಿತ ತಪ್ಪುವುದು ಕಂಡರೆ ಮುಂದಿನ ಡೋಸ್‌ಗೆ ಮುನ್ನವೇ ವೈದ್ಯರನ್ನು ಕೇಳಬೇಕು. ಔಷಧಿಯಿಂದಾದ ತೊಂದರೆಯನ್ನು ವರದಿ ಮಾಡಲು ಭಾರತದ ಔಷಧಿ ನಿಗಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024 ಇದೆ. ರೋಗಿಯೂ ಅದಕ್ಕೆ ಕರೆ ಮಾಡಬಹುದು.

7. ಎಷ್ಟು ದಿನ?

ಗುಣವಾದರೂ ಕೋರ್ಸ್ ಮುಗಿಸಬೇಕು ಎಂಬ ಮಾತು ಬಹುಕಾಲದಿಂದ ನಡೆದುಬಂದಿದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರ್‌ನ ನೊಬೆಲ್ ಉಪನ್ಯಾಸದಲ್ಲೇ, ಸಾಲದಷ್ಟು ಪ್ರಮಾಣದಲ್ಲಿ ಔಷಧಿ ನುಂಗಿದರೆ ರೋಗಾಣುಗಳು ಅದಕ್ಕೆ ಜಗ್ಗದಂತಾಗುತ್ತವೆ ಎಂದು ಎಚ್ಚರಿಸಿದ್ದರು. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಲೇಖನ ಈ ಮಾತಿನ ಇನ್ನೊಂದು ಮಗ್ಗುಲನ್ನು ಮುಂದಿಟ್ಟಿತು: ಅನೇಕ ಸಾಮಾನ್ಯ ಸೋಂಕುಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ದಿನ ಔಷಧಿ ಕೊಡಲಾಗುತ್ತಿದೆ, ಹೆಚ್ಚುವರಿ ದಿನಗಳು ಮೈಯಲ್ಲಿರುವ ಇತರ ಬ್ಯಾಕ್ಟೀರಿಯಾಗಳಿಗೆ ಪ್ರತಿರೋಧ ಕಲಿಸುತ್ತವೆ ಎಂಬುದು ಅದರ ವಾದ.

ಎರಡೂ ಮಾತಿಗೆ ನೆಲೆ ಇದೆ. ರೋಗ ಬೇರೆಯಾದರೆ ದಿನವೂ ಬೇರೆ. ಮನೆಯಲ್ಲಿದ್ದಾಗ ಬಂದ ನ್ಯುಮೋನಿಯಾಕ್ಕೆ 5 ದಿನ, ಆಸ್ಪತ್ರೆಯಲ್ಲಿ ಅಂಟಿದ ನ್ಯುಮೋನಿಯಾಕ್ಕೆ 8 ದಿನ, ಚರ್ಮದ ಸೋಂಕಿಗೆ 5 ದಿನ ಎಂದು 2022ರ ಭಾರತೀಯ ಮಾರ್ಗಸೂಚಿ ಹೇಳುತ್ತದೆ. ಸ್ಟ್ರೆಪ್ಟೊಕಾಕಸ್‌ನಿಂದ ಗಂಟಲು ಬಾತಾಗ ಮೂರನೆಯ ದಿನಕ್ಕೇ ನೋವು ಹೋಗುತ್ತದೆ. ಪೆನಿಸಿಲಿನ್ ಮಾತ್ರೆ 10 ದಿನ ಬೇಕು, ಏಕೆಂದರೆ ಅಲ್ಲಿ ತಡೆಯಬೇಕಾದದ್ದು ಮಕ್ಕಳ ಹೃದಯದ ಕವಾಟ ಕೆಡಿಸುವ ರೂಮ್ಯಾಟಿಕ್ ಜ್ವರವನ್ನು. ಎಷ್ಟು ದಿನ ಎಂಬುದನ್ನು ನೋವು ಹೋದ ದಿನ ನೋಡಿ ರೋಗಿ ತೀರ್ಮಾನಿಸಲಾಗದು. ಬೇಗ ಗುಣ ಕಂಡರೆ, ಇನ್ನೂ ನುಂಗಬೇಕೇ ಎಂದು ಚೀಟಿ ಬರೆದವರನ್ನೇ ಕೇಳಬಹುದು; ನಿಲ್ಲಿಸಿ ಎಂದು ಅವರು ಹೇಳುವ ಸಂದರ್ಭಗಳೂ ಇವೆ. ಎರಡು ಮೂರು ದಿನವಾದರೂ ಜ್ವರ ಜಗ್ಗದಿದ್ದರೆ ಮತ್ತೆ ಅವರ ಬಳಿಗೇ ಹೋಗಬೇಕು. ಅಂಗಡಿಯಲ್ಲಿ ಕೇಳಿ ಇನ್ನೊಂದು ಆಂಟಿಬಯೋಟಿಕ್ ಸೇರಿಸಿಕೊಳ್ಳಬಾರದು.

8. ಬಳ್ಳಾರಿ ರಸ್ತೆಯ ಪಾಠ

ಆಂಟಿಬಯೋಟಿಕನ್ನು ತಿಂಗಳುಗಟ್ಟಲೆ ತಪ್ಪದೆ ನುಂಗುವ ಪ್ರಶ್ನೆಯನ್ನು ದೇಶದಲ್ಲಿ ಆಳವಾಗಿ ಅಭ್ಯಾಸ ಮಾಡಿದ ಸಂಸ್ಥೆಗಳಲ್ಲೊಂದು ಸಂಜಯನಗರಕ್ಕೆ ಹತ್ತಿರದಲ್ಲೇ, ಬಳ್ಳಾರಿ ರಸ್ತೆಯ ಅವಲಾನ್ ಕಟ್ಟಡದಲ್ಲಿದೆ: 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ.

ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಾಗ ಕ್ಷಯ ಸೋತಿತೆಂದೇ ಜನ ನಂಬಿದ್ದರು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರು ತಿಂಗಳಿಗೆ ಔಷಧಿ ಪಡೆದವರ ಸಾವು ಬಹಳ ಕಡಿಮೆ ಇತ್ತು. ಐದು ವರ್ಷದ ನಂತರ ನೋಡಿದರೆ ಪಡೆದವರಿಗೂ ಪಡೆಯದವರಿಗೂ ಹೆಚ್ಚು ಅಂತರ ಉಳಿದಿರಲಿಲ್ಲ. ಒಂದೇ ಔಷಧಿಗೆ ರೋಗಾಣು ಒಗ್ಗಿಹೋಗಿತ್ತು. ಎರಡು ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂದದ್ದು ಆಮೇಲೆ. ಸ್ಯಾನಟೋರಿಯಂ ಸೇರದೆ ಮನೆಯಲ್ಲೇ ಇದ್ದು ಔಷಧಿ ನುಂಗಿದರೂ ಅಷ್ಟೇ ಗುಣವಾಗುತ್ತದೆ ಎಂದು ಮದರಾಸಿನ ಕ್ಷಯ ಚಿಕಿತ್ಸಾ ಕೇಂದ್ರ 1959ರಲ್ಲಿ ತೋರಿಸಿಕೊಟ್ಟಿತು. ರೋಗಿ ಮನೆಯಲ್ಲೇ ಇದ್ದರೆ ಮಾತ್ರೆ ತಪ್ಪದಂತೆ ನೋಡಿಕೊಳ್ಳುವವರು ಯಾರು ಎಂಬುದು ಆಗ ಎದ್ದ ಪ್ರಶ್ನೆ.

ಬೆಂಗಳೂರಿನ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ಸಾಮಾನ್ಯ ಗ್ರಹಿಕೆ. ಅಧ್ಯಯನದಲ್ಲಿ ಕಂಡದ್ದು ಬೇರೆ. ಕ್ಷಯದ ಲಕ್ಷಣವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದರು. ಅಲ್ಲಿ ಕಫ ಪರೀಕ್ಷಿಸದೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಲಾಗಿತ್ತು. ಸಂಸ್ಥೆ ರೂಪಿಸಿದ ಜಿಲ್ಲಾ ಕ್ಷಯ ಕಾರ್ಯಕ್ರಮ 1962ರಿಂದ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ ಮತ್ತು ಔಷಧಿ ಸಿಗುವಂತೆ ಮಾಡಿತು. ಕೋರ್ಸ್ ಅರ್ಧಕ್ಕೆ ನಿಂತಾಗ ರೋಗಿಯ ಉದಾಸೀನವನ್ನಷ್ಟೇ ದೂರುವವರಿಗೆ ಈ ಅಧ್ಯಯನದಲ್ಲಿ ಉತ್ತರವಿದೆ.

ಇಂದು ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ: ಮೊದಲ 2 ತಿಂಗಳು ಐಸೊನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್, ಮುಂದಿನ 4 ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು. ಎಲ್ಲವೂ ಸೇರಿದ ಒಂದೇ ಬಗೆಯ ಮಾತ್ರೆಯನ್ನು ರೋಗಿಯ ತೂಕಕ್ಕೆ ತಕ್ಕ ಸಂಖ್ಯೆಯಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನ ಗುಣ, ಭಯಪಡಬೇಕಿಲ್ಲ. ಅದು ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನು ಕುಗ್ಗಿಸುತ್ತದೆ ಎಂಬುದು ಮಾತ್ರ ತಿಳಿದಿರಬೇಕು. ಕಣ್ಣು ಮಂಜಾದರೆ, ಕಾಮಾಲೆ ಕಂಡರೆ ತಡಮಾಡಬಾರದು. ಬಿಡದ ಕೆಮ್ಮಿಗೆ ಅಂಗಡಿಯಿಂದ ಲಿವೊಫ್ಲಾಕ್ಸಾಸಿನ್ ತಂದು ನುಂಗುವವರಿಗೆ ಇನ್ನೊಂದು ಅಪಾಯವಿದೆ: ಅದು ಕ್ಷಯದ ರೋಗಾಣುವನ್ನೂ ಕೊಂಚ ಹತ್ತಿಕ್ಕುವುದರಿಂದ ಕೆಮ್ಮು ಕಡಿಮೆಯಾದಂತೆ ಕಂಡು, ರೋಗಪತ್ತೆ ತಡವಾಗುತ್ತದೆ.

9. ಪ್ರತಿರೋಧ

ಬ್ಯಾಕ್ಟೀರಿಯಾಗಳು ಔಷಧಿಗೆ ಒಗ್ಗಿಕೊಂಡಾಗ ಒಗ್ಗುವುದು ರೋಗಿಯ ಮೈಯಲ್ಲ, ರೋಗಾಣು. ಅದು ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತದೆ. 1948ರಿಂದ ಟೈಫಾಯ್ಡಿಗೆ ರಾಮಬಾಣವಾಗಿದ್ದ ಕ್ಲೋರಾಂಫೆನಿಕಾಲ್‌ಗೆ ಬಗ್ಗದ ಟೈಫಾಯ್ಡ್ 1972ರಲ್ಲಿ ಕಲ್ಲಿಕೋಟೆಯಲ್ಲಿ ಹಬ್ಬಿತು. ಮುಂದೆ ಸಿಪ್ರೊಫ್ಲಾಕ್ಸಾಸಿನ್ ಬಂತು, ಅದೂ ಮೊಂಡಾಯಿತು. ಈಗ ಟೈಫಾಯ್ಡ್ ಚಿಕಿತ್ಸೆ ಹೆಚ್ಚಾಗಿ ಸೆಫ್ಟ್ರಿಯಾಕ್ಸೋನ್, ಸೆಫಿಕ್ಸಿಮ್ ಮತ್ತು ಅಜಿತ್ರೊಮೈಸಿನ್ ಮೇಲೆ ನಿಂತಿದೆ. ಗಂಟಲು ಕೆರೆತಕ್ಕೆಂದು ಸುಮ್ಮನೆ ನುಂಗುವ ಅಜಿತ್ರೊಮೈಸಿನ್‌ನ ಬೆಲೆ ಇಲ್ಲಿ ತಿಳಿಯುತ್ತದೆ. 2019ರಲ್ಲಿ ಪ್ರಪಂಚದಾದ್ಯಂತ 12.7 ಲಕ್ಷ ಸಾವುಗಳಿಗೆ ಔಷಧಿ ಪ್ರತಿರೋಧವೇ ನೇರ ಕಾರಣವಾಗಿತ್ತೆಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನ ಅಂದಾಜಿಸಿತು.

ಆಂಟಿಬಯೋಟಿಕ್ ಬಳಕೆ ಮನುಷ್ಯರಿಗಷ್ಟೇ ಸೀಮಿತವಲ್ಲ. ಹಸು, ಕೋಳಿ, ಮೀನು ಸಾಕಣೆಯಲ್ಲೂ ಅವು ಹೋಗುತ್ತವೆ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿರುವ ಕೊಲಿಸ್ಟಿನನ್ನು ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ಹಸುವಿಗೆ ಆಂಟಿಬಯೋಟಿಕ್ ಚುಚ್ಚಿದ ಮೇಲೆ ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬಾರದು. ಹೆಬ್ಬಾಳ, ಯಲಹಂಕದ ಸುತ್ತ ಈಗಲೂ ಹಸು ಕಟ್ಟಿರುವ ಮನೆಗಳಿಗೆ ಈ ನಿಯಮ ಮನುಷ್ಯರ ಚೀಟಿಯಷ್ಟೇ ಮುಖ್ಯ.

10. ಉಳಿದ ಮಾತ್ರೆ

ಚೀಟಿಯಂತೆ ಕೊಂಡು ಚೀಟಿಯಂತೆ ನುಂಗಿದರೆ ಮಾತ್ರೆ ಉಳಿಯಬಾರದು. ವೈದ್ಯರು ಔಷಧಿ ಬದಲಿಸಿದಾಗ ಅಥವಾ ನಿಲ್ಲಿಸಿದಾಗ ಉಳಿದದ್ದನ್ನು ಮುಂದಕ್ಕಿರಲಿ ಎಂದು ಡಬ್ಬಿಯಲ್ಲಿಡಬಾರದು, ಮನೆಯ ಇನ್ನೊಬ್ಬರಿಗೆ ಅಥವಾ ನೆರೆಯವರಿಗೆ ಕೊಡಬಾರದು. ಲಕ್ಷಣ ಒಂದೇ ಇದ್ದರೂ ರೋಗಾಣು ಬೇರೆ ಇರಬಹುದು. ಉಳಿಯುವ ನಾಲ್ಕೈದು ಮಾತ್ರೆ ಯಾರ ಕೋರ್ಸಿಗೂ ಸಾಲುವುದಿಲ್ಲ. ಸ್ಟ್ರಿಪ್ ಕತ್ತರಿಸದೆ, ಬಿಲ್ ಸಮೇತ ಒಯ್ದರೆ ಕೆಲವು ಅಂಗಡಿಯವರು ಹಿಂದಕ್ಕೆ ಪಡೆಯುತ್ತಾರೆ.

ಚರಂಡಿಗೆ, ಶೌಚಾಲಯಕ್ಕೆ ಸುರಿದ ಆಂಟಿಬಯೋಟಿಕ್ ಕೊಳಚೆಯಲ್ಲಿರುವ ಬ್ಯಾಕ್ಟೀರಿಯಾಗಳನ್ನು ಸೇರಿ ಅಲ್ಲೂ ಪ್ರತಿರೋಧ ಬೆಳೆಸುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಅವಧಿ ಮೀರಿದ ಔಷಧಿಯನ್ನು ಮನೆಯ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಿದ್ದವು. ಅದನ್ನು ಹಸಿ ಕಸಕ್ಕೂ ಒಣ ಕಸಕ್ಕೂ ಬೆರೆಸದೆ, ಬೇರೆ ಪೊಟ್ಟಣದಲ್ಲಿ ಕಟ್ಟಿ, ಏನೆಂದು ಮೇಲೆ ಬರೆದು, ಬೆಳಿಗ್ಗೆ ಬರುವ ಕಸದ ಗಾಡಿಯವರ ಕೈಗೆ ಪ್ರತ್ಯೇಕವಾಗಿ ಕೊಡಬೇಕು.